ಅಪ್ಪಯ್ಯನ ನಿದ್ದೆ, ಐಸಿಯುನ ನಾರ್‌ಅಡ್ರಿನಲಿನ್, ಮಿದುಳಿನ ನೀಲಿ ಚುಕ್ಕೆ: ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ

ಬೆಟ್ಟದಂಚು (ಶಿರಸಿ ಕಡೆ) – ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಉದ್ದ ಬರಹ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪಯ್ಯನಿಗೆ ಈಗ 71. ಏಳೆಂಟು ವರ್ಷದಿಂದ ನಿದ್ದೆಯಲ್ಲಿ ಕೂಗುವುದು, ಕೈ ಬೀಸುವುದು, ಒದೆಯುವುದು ಇತ್ತು. ಕನಸಲ್ಲಿ ಯಾವಾಗಲೂ ತೋಟಕ್ಕೆ ನುಗ್ಗಿದ ಮಂಗಗಳು, ಪೆಟ್ಟು ಮಾತ್ರ ಆಯಿಗೆ. ನಾವೆಲ್ಲ ನಗಾಡಿಕೊಂಡೇ ಇದ್ದೆವು. ಕೊನೆಗೆ ಆಯಿ ಜಗಲಿಯಲ್ಲಿ ಹಾಸಿಗೆ ಹಾಸಿಕೊಂಡಳು. ಎರಡು ವರ್ಷದ ಹಿಂದೆ ಎಡಗೈ ನಡುಕ ಶುರುವಾಯಿತು, ಕವಳಕ್ಕೆ ಸುಣ್ಣ ಹಚ್ಚಲೂ ತಡವರಿಸತೊಡಗಿದರು. ಪಾರ್ಕಿನ್ಸನ್ ಅಂದರು.

ಈ ಮಳೆಗಾಲದಲ್ಲಿ ಮೂತ್ರದ ಸೋಂಕು ರಕ್ತಕ್ಕೆ ಏರಿ ಬಿಪಿ ಬಿದ್ದುಹೋಯಿತು. ಜಿಲ್ಲೆಯಾಚೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ದಿನ ಇದ್ದರು. ಅಲ್ಲಿ ಪಂಪಿನ ಮೇಲೆ ‘ನಾರ್‌ಅಡ್’ ಅಂತ (ನಾರ್‌ಅಡ್ರಿನಲಿನ್ನಿನ ಗಿಡ್ಡ ಹೆಸರು) ಚೀಟಿ ಅಂಟಿಸಿದ್ದರು, ಬಿಪಿ ಹಿಡಿದು ನಿಲ್ಲಿಸಲು ಅಂದರು ಸಿಸ್ಟರ್. ದೇವರು ದೊಡ್ಡವನು, ಮನೆಗೆ ಬಂದರು. ಆಮೇಲೆ ನರರೋಗ ತಜ್ಞರ ಹತ್ತಿರ ಹೋದಾಗ ಅವರು ಹೇಳಿದ್ದು ತಲೆಯಲ್ಲೇ ಕೂತಿದೆ: ‘ನಿಮ್ಮ ತಂದೆಗೆ ಡೋಪಮಿನ್ ಒಂದೇ ಅಲ್ಲ, ನಾರ್‌ಅಡ್ರಿನಲಿನ್ನೂ ಕಡಿಮೆ ಆಗಿರುತ್ತದೆ. ಎದ್ದು ನಿಂತರೆ ತಲೆ ತಿರುಗುವುದು, ಮಂಕು ಬಡಿದ ಹಾಗೆ ಕೂರುವುದು, ಎಲ್ಲ ಅದಕ್ಕೇ.’

ಡೋಪಮಿನ್, ನಾರ್‌ಅಡ್ರಿನಲಿನ್ ಎರಡೂ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳಂತೆ. ನನ್ನ ಪ್ರಶ್ನೆ ಇದು. ಕಡಿಮೆ ಇರುವುದು ನಾರ್‌ಅಡ್ರಿನಲಿನ್ ಆದರೆ, ನಾಲ್ಕು ದಿನ ಹಗಲೂ ರಾತ್ರಿ ಅದನ್ನೇ ಹರಿಸಿದ್ದರಲ್ಲ, ಮಿದುಳಿಗೆ ಸ್ವಲ್ಪವಾದರೂ ಚೇತರಿಕೆ ಆಗಬೇಕಿತ್ತಲ್ಲವೇ? ಇಲ್ಲಾ, ಒಂದೇ ಹೆಸರಿನ ಎರಡು ವಸ್ತುಗಳಾ ಇವು?

ಅಡಿಕೆ ಸಿಪ್ಪೆ (ಸಿದ್ದಾಪುರ) – ರಾತ್ರಿ 9:58

ಉತ್ತರ ನನಗೆ ಗೊತ್ತಿಲ್ಲ. ನಮ್ಮ ಜಿಲ್ಲೆಯವರಿಗೆ ಐಸಿಯು ನೆನಪಾದರೆ ಮೊದಲು ಘಟ್ಟದ ತಿರುವುಗಳು ನೆನಪಾಗುತ್ತವೆ, ಅಷ್ಟೇ ಹೇಳಬಲ್ಲೆ. ಅಪ್ಪಯ್ಯ ಮನೆಗೆ ಬಂದರಲ್ಲ, ಸಾಕು.

ಕಾಳಿ ಸೇತುವೆ (ಕಾರವಾರ) – ರಾತ್ರಿ 10:35

ವೈದ್ಯಕೀಯ ಮಕ್ಕಳಿಗೆ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವ ನಾನು, ರೋಗಿಗಳನ್ನು ನೋಡುವವನಲ್ಲ. ಆ ಮಿತಿಯಲ್ಲಿ ಹೇಳುತ್ತೇನೆ.

ವಸ್ತು ಒಂದೇ. ಆದರೆ ಸಲಾಯಿನ್‌ ಜೊತೆ ರಕ್ತಕ್ಕೆ ಹೋದದ್ದು ಮಿದುಳಿನ ಒಳಗೆ ದಾಟುವುದಿಲ್ಲ. ಮಿದುಳಿನ ರಕ್ತನಾಳಗಳ ಒಳಪದರದ ಕೋಶಗಳು ಸಂದಿಯಿಲ್ಲದಂತೆ ಒತ್ತಾಗಿ ಕೂತಿರುತ್ತವೆ, ನಾರ್‌ಅಡ್ರಿನಲಿನ್‌ನಂಥ ಕಣಕ್ಕೆ ಅಲ್ಲಿ ದಾರಿ ಇಲ್ಲ. ಐಸಿಯುನಲ್ಲಿ ಅದು ಮಾಡಿದ ಕೆಲಸ ಮೈಯ ರಕ್ತನಾಳಗಳನ್ನು ಬಿಗಿ ಹಿಡಿದದ್ದು. ಆ ಹೊತ್ತಿಗೆ ಬೇಕಾದದ್ದೂ ಅದೇ.

ಮಿದುಳು ತನಗೆ ಬೇಕಾದ ನಾರ್‌ಅಡ್ರಿನಲಿನ್‌ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದರ ಮುಖ್ಯ ಜಾಗ ಮಿದುಳುಕಾಂಡದಲ್ಲಿದೆ, ಎಡಕ್ಕೊಂದು ಬಲಕ್ಕೊಂದು. ಎರಡು ಅಕ್ಕಿಕಾಳನ್ನು ಉದ್ದಕ್ಕೆ ಜೋಡಿಸಿದಷ್ಟು ಗಾತ್ರ. ಹೆಸರು ಲೋಕಸ್ ಸೆರೂಲಿಯಸ್, ಲ್ಯಾಟಿನ್‌ನಲ್ಲಿ ನೀಲಿ ಜಾಗ ಎಂದರ್ಥ. ವೆನ್ಜೆಲ್ ಎಂಬ ಅಣ್ಣತಮ್ಮಂದಿರು 1812ರಲ್ಲಿ ಆ ಹೆಸರಿಟ್ಟರು. ಮಿದುಳನ್ನು ಕೊಯ್ದು ನೋಡಿದರೆ ಬರಿಗಣ್ಣಿಗೇ ನೀಲಿ ಛಾಯೆ ಕಾಣುತ್ತದೆ. ನಾರ್‌ಅಡ್ರಿನಲಿನ್ ತಯಾರಿಕೆಯ ಉಳಿಕೆಯಾಗಿ ಕೋಶಗಳಲ್ಲಿ ವರ್ಷವರ್ಷವೂ ಕೂಡುತ್ತ ಹೋಗುವ ಒಂದು ಕಪ್ಪು ವರ್ಣದ್ರವ್ಯವೇ ಕಾರಣ. ಅಡಿಕೆ ಚೊಗರು ಕೈಗೆ ಹತ್ತಿದ ಹಾಗೆ ಅಂದುಕೊಳ್ಳಿ. ಆ ಚುಕ್ಕೆ ಏನು ಮಾಡುತ್ತದೆ ಅಂತ ನೂರೈವತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. 1964ರಲ್ಲಿ ಸ್ವೀಡನ್ನಿನ ದಾಲ್‌ಸ್ಟ್ರಾಮ್ ಮತ್ತು ಫುಕ್ಸೆ ಇಲಿಗಳ ಮಿದುಳಿನ ತೆಳು ಪದರಗಳಿಗೆ ಫಾರ್ಮಾಲ್ಡಿಹೈಡ್ ಆವಿ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಾರ್‌ಅಡ್ರಿನಲಿನ್ ಇದ್ದ ಕೋಶಗಳು ಹಸಿರಾಗಿ ಹೊಳೆದವು.

ನನ್ನನ್ನು ಈಗಲೂ ಬೆರಗುಗೊಳಿಸುವುದು ಲೆಕ್ಕ. ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೀಲಿ ಚುಕ್ಕೆಯಲ್ಲಿ ಎರಡೂ ಕಡೆ ಸೇರಿ ಹೆಚ್ಚೆಂದರೆ 50,000ದ ಆಸುಪಾಸು. ಇಷ್ಟೇ ಕೋಶಗಳ ಎಳೆಗಳು ಕವಲೊಡೆಯುತ್ತ ಹೋಗಿ ಇಡೀ ಮಿದುಳಿನ ಹೊರಪದರ, ಕಿರುಮಿದುಳು, ಬೆನ್ನುಹುರಿಯವರೆಗೆ ಮುಟ್ಟುತ್ತವೆ. ಬೆಟ್ಟದ ಒಂದು ಅಬ್ಬಿಯಿಂದ ದೋಣಿ (ನೀರು ಹರಿಯುವ ಮರದ ಕಾಲುವೆ) ಕಟ್ಟಿ ಹತ್ತು ಮನೆ ತೋಟಕ್ಕೆ ನೀರು ಹಾಯಿಸುತ್ತಾರಲ್ಲ, ಹಾಗೆ.

ಇನ್ನೊಂದು ವಿಷಯ ಬಿಡಿಸಬೇಕು. ನಿಮ್ಮ ತಜ್ಞರು ಒಂದೇ ಉಸಿರಲ್ಲಿ ಹೇಳಿದ್ದು ಎರಡು ಉಗ್ರಾಣಗಳ ಕತೆ. ಎದ್ದಾಗ ತಲೆ ತಿರುಗುವುದಕ್ಕೆ ಮುಖ್ಯ ಕಾರಣ ಹೃದಯ ಮತ್ತು ರಕ್ತನಾಳಗಳಿಗೆ ಹೋಗುವ ನರತುದಿಗಳಲ್ಲಿ ನಾರ್‌ಅಡ್ರಿನಲಿನ್ ಕಡಿಮೆಯಾಗುವುದು. ಮಂಕು, ಗಮನ ಹಿಡಿಯಲಾಗದ್ದು, ಉತ್ಸಾಹ ಬತ್ತುವುದು, ಇವುಗಳಲ್ಲಿ ನೀಲಿ ಚುಕ್ಕೆಯ ಪಾಲಿದೆ. ರೋಗ ಒಂದೇ, ಸವೆಯುವ ಜಾಗ ಎರಡು.

ಅಡಿಕೆ ಸಿಪ್ಪೆ – ರಾತ್ರಿ 10:41

ಕಾಳಿ ಸೇತುವೆ ಅಣ್ಣ, ಹಳೇದೋ ಹೊಸದೋ? ಹಳೇದು 2024ರ ಆಗಸ್ಟಲ್ಲೇ ಕುಸಿದಿದೆ, ಅದಕ್ಕೇ ಕೇಳಿದ್ದು.

ಕಾಳಿ ಸೇತುವೆ – ರಾತ್ರಿ 10:44

ಹೊಸದು. ಸದ್ಯ ವಾಹನ ಓಡುತ್ತಿವೆ.

ಬೆಟ್ಟದಂಚು – ರಾತ್ರಿ 11:02

ಅಬ್ಬಿ ನೀರಿನ ಮಾತು ಹೇಳಿದ ಮೇಲೆ ಹಿಡಿತಕ್ಕೆ ಬಂತು. ಹಾಗಾದರೆ ಕನಸಲ್ಲಿ ಒದೆಯುತ್ತಿದ್ದದ್ದು? ಅದೂ ಇದರದ್ದೇ ಬಾಲವಾ? ಆಗಲೇ ತೋರಿಸಬೇಕಿತ್ತಾ ಅಂತ ಆಯಿ ದಿನಾ ಕೊರಗುತ್ತಾಳೆ.

ಕಾಳಿ ಸೇತುವೆ – ಸೋಮವಾರ, ಬೆಳಿಗ್ಗೆ 7:15

ಬಾಲವಲ್ಲ, ಬಹುಶಃ ತಲೆ. ಕನಸು ಬೀಳುವ ನಿದ್ದೆಯಲ್ಲಿ ಕಣ್ಣುಗುಡ್ಡೆ ಓಡಾಡುತ್ತದೆ, ಆದರೆ ಕೈಕಾಲು ಸತ್ತಂತೆ ಬಿದ್ದಿರಬೇಕು. ಆ ಬೀಗ ಹಾಕುವ ಕೋಶಗಳು ಇರುವುದು ನೀಲಿ ಚುಕ್ಕೆಯ ಮಗ್ಗುಲಲ್ಲೇ. ಅವು ಕೆಟ್ಟರೆ ಕನಸಿನ ಮಂಗನಿಗೆ ನಿಜವಾದ ಪೆಟ್ಟು ಬೀಳುತ್ತದೆ. ನೀಲಿ ಚುಕ್ಕೆಯ ಕೋಶಗಳೋ, ಎಚ್ಚರದಲ್ಲಿ ಮಿಡಿಯುತ್ತವೆ, ಗಾಢ ನಿದ್ದೆಯಲ್ಲಿ ನಿಧಾನವಾಗುತ್ತವೆ, ಕನಸಿನ ನಿದ್ದೆಯಲ್ಲಿ ಮಾತ್ರ ಪೂರ್ತಿ ಬಾಯಿ ಮುಚ್ಚುತ್ತವೆ.

ಜರ್ಮನಿಯ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಪಾರ್ಕಿನ್ಸನ್ನಿನ ಮೆಟ್ಟಿಲುಗಳನ್ನು ವಿವರಿಸಿದರು. ಅವರ ಪ್ರಕಾರ ರೋಗ ಮಿದುಳಿನ ಬುಡದಿಂದ ಮೇಲಕ್ಕೇರುತ್ತದೆ. ದಾರಿಯಲ್ಲಿ ನೀಲಿ ಚುಕ್ಕೆ ಸಿಗುತ್ತದೆ, ಡೋಪಮಿನ್ ಕೋಶಗಳಿರುವ ಕಪ್ಪು ಪಟ್ಟಿ ಅದಾದ ಮೇಲೆ. ಎಲ್ಲ ರೋಗಿಗಳಲ್ಲೂ ಹೀಗೇ ಅಂತಿಲ್ಲ, ಆದರೆ ವಾಸನೆ ಹತ್ತದಿರುವುದು, ಮಲಬದ್ಧತೆ, ಕನಸಲ್ಲಿ ಒದೆಯುವುದು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬರುವುದು ಸಾಮಾನ್ಯ. ಆಯಿಗೆ ಹೇಳಿ: ಆಗ ತೋರಿಸಿದ್ದರೂ ರೋಗವನ್ನು ತಡೆದು ನಿಲ್ಲಿಸುವ ಔಷಧಿ ಇಲ್ಲ, ಇವತ್ತಿಗೂ ಇಲ್ಲ. ಅವರು ಕಳೆದುಕೊಂಡದ್ದು ಏನಿಲ್ಲ, ಒಂದಿಷ್ಟು ಪೆಟ್ಟು ತಪ್ಪುತ್ತಿತ್ತು ಅಷ್ಟೇ.

ಮೌನವ್ರತ (ಗೋಕರ್ಣ) – ಬೆಳಿಗ್ಗೆ 8:20

ಇದೆಲ್ಲ ಒತ್ತಡದ ಹಾರ್ಮೋನು. ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮನಸ್ಸು ಶಾಂತವಾಗಿಟ್ಟುಕೊಂಡರೆ ಯಾವ ಚುಕ್ಕೆಯೂ ಏನೂ ಮಾಡುವುದಿಲ್ಲ.

ಹಿಮ್ಮೇಳ (ಯಲ್ಲಾಪುರ) – ಬೆಳಿಗ್ಗೆ 9:05

ಎಂಗೆ ವಿಜ್ಞಾನ ಗೊತ್ತಿಲ್ಲೆ, ಚಂಡೆ ಗೊತ್ತಿದ್ದು. (ಎಲ್ಲರಿಗೂ ತಿಳಿಯಲಿ ಅಂತ ಇನ್ನು ಪೇಟೆ ಕನ್ನಡ.) ಇಪ್ಪತ್ತು ವರ್ಷದಿಂದ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೇನೆ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಎದೆ ಡವಡವ ಅನ್ನದೇ ಆರಾಮಾಗಿ ಕೂತ ವೇಷಧಾರಿ ಆ ರಾತ್ರಿ ರಂಗಸ್ಥಳದಲ್ಲಿ ಸಪ್ಪೆ. ವಿಪರೀತ ಹೆದರಿದವನು ಪದ್ಯಕ್ಕೆ ಅರ್ಥವೇ ಮರೆಯುತ್ತಾನೆ. ನಡುವೆ ಎಲ್ಲೋ ಒಂದು ಹದ ಇದೆ. ‘ಎಷ್ಟು ಕಡಿಮೆ ಅಷ್ಟು ಒಳ್ಳೆಯದು’ ಅನ್ನುವುದು ನನಗೆ ಸರಿ ಕಾಣಲಿಲ್ಲ.

ಕಾಳಿ ಸೇತುವೆ – ಬೆಳಿಗ್ಗೆ 9:50

ಹಿಮ್ಮೇಳದವರೇ, ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡದ್ದು ಹೆಚ್ಚುಕಡಿಮೆ ಇದನ್ನೇ. ಬೆಟ್ಟದ ಆಕಾರದ ಗೆರೆ ಅದು, ಈಚೆಗೂ ಇಳಿಜಾರು, ಆಚೆಗೂ ಇಳಿಜಾರು.

ನಿಮ್ಮ ಚಂಡೆಯನ್ನೇ ಎರವಲು ತಗೊಳ್ಳುತ್ತೇನೆ. ನೀಲಿ ಚುಕ್ಕೆಗೆ ಎರಡು ನಡೆ ಇದೆ ಅಂತ ಆಸ್ಟನ್-ಜೋನ್ಸ್ ಮತ್ತು ಕೊಹೆನ್ 2005ರಲ್ಲಿ ವಾದಿಸಿದರು. ಒಂದು, ಹದವಾದ ತಳಮಿಡಿತದ ಮೇಲೆ, ಮುಖ್ಯವಾದದ್ದು ಕಂಡಾಗ ಮಾತ್ರ ಏಳುವ ಚುರುಕು ಮಿಡಿತ. ಭಾಗವತರ ಪದ ಮದ್ದಲೆಯೊಡನೆ ಸಾಗುತ್ತಿರುವಾಗ ಪಾತ್ರ ಪ್ರವೇಶಕ್ಕೆ ಚಂಡೆ ಬಿದ್ದ ಹಾಗೆ. ಮೂರು ಗಂಟೆ ರಾತ್ರಿ ತೂಕಡಿಸುವವನೂ ತಲೆ ಎತ್ತುತ್ತಾನೆ. ಎರಡನೆಯದು, ತಳಮಿಡಿತವೇ ಏರಿಬಿಡುವುದು. ಇಡೀ ರಾತ್ರಿ ಚಂಡೆ ಬಾರಿಸುತ್ತಲೇ ಇದ್ದರೆ ಯಾವ ಪ್ರವೇಶವೂ ಪ್ರವೇಶವಾಗಿ ಕೇಳಿಸದು. ಆಗ ಮನಸ್ಸು ಸಿಕ್ಕಿದ್ದಕ್ಕೆಲ್ಲ ಹಾರುತ್ತದೆ. ಅದಕ್ಕೂ ಉಪಯೋಗವಿದೆ ಅನ್ನಿ: ಮಾಡುತ್ತಿರುವ ಕೆಲಸದಲ್ಲಿ ಫಲ ಇಲ್ಲದಾಗ ಹೊಸದನ್ನು ಹುಡುಕಲು ಬೇಕಾದದ್ದು ಅದೇ ಚಡಪಡಿಕೆ.

ಮಿದುಳಿನ ಮುಂಭಾಗ, ಅಂದರೆ ಯೋಚಿಸಿ ತಡೆದು ನಡೆಯುವ ಭಾಗದಲ್ಲಿ ಇದು ಹೇಗೆ ನಡೆಯುತ್ತದೆಂದು ಏಮಿ ಆರ್ನ್‌ಸ್ಟನ್ ಎಂಬ ವಿಜ್ಞಾನಿ ದಶಕಗಟ್ಟಲೆ ಕೂತು ಬಿಡಿಸಿದ್ದಾರೆ. ನಾರ್‌ಅಡ್ರಿನಲಿನ್ ಹದವಾಗಿದ್ದಾಗ ಕೋಶದ ಮೈಮೇಲೆ ಅದನ್ನು ಹಿಡಿದುಕೊಳ್ಳುವ ಆಲ್ಫಾ-2ಎ ಎಂಬ ಗ್ರಾಹಕಗಳಿಗೆ ಅಂಟುತ್ತದೆ, ಆ ಭಾಗ ಚುರುಕಾಗುತ್ತದೆ. ಭಯದಲ್ಲಿ ಉಕ್ಕಿ ಹರಿದಾಗ ಆಲ್ಫಾ-1 ಗ್ರಾಹಕಗಳನ್ನೂ ಹಿಡಿಯುತ್ತದೆ, ಅದೇ ಭಾಗ ಬಾಗಿಲು ಹಾಕಿಕೊಳ್ಳುತ್ತದೆ. ವೇಷಧಾರಿ ಅರ್ಥ ಮರೆಯುವುದು ಅಲ್ಲಿ.

ಮೌನವ್ರತದವರೇ, ನಾರ್‌ಅಡ್ರಿನಲಿನ್ ಕಡಿಮೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ಮೇಲೆ ಕೂತಿರುವ ಅಪ್ಪಯ್ಯನೇ ಸಾಕ್ಷಿ.

ಅಕ್ಕೋರು (ಕುಮಟಾ) – ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಂತ ಹೇಳಿ ಆಟೊಮಾಕ್ಸೆಟಿನ್ ಬರೆದಿದ್ದಾರೆ. ‘ಚೂಟಿ ಮಕ್ಕಳಿಗೆ ಯಾರಾದರೂ ಗುಳಿಗೆ ಕೊಡುತ್ತಾರಾ’ ಅಂತ ಮನೆಯಲ್ಲೂ ಶಾಲೆಯಲ್ಲೂ ಮಾತು. ಹತ್ತು ದಿನ ಆಯಿತು, ಬದಲಾವಣೆ ಇಲ್ಲ, ಊಟ ಮಾತ್ರ ಕಡಿಮೆ ಮಾಡಿದ್ದಾನೆ. ಚಂಡೆಯ ಮಾತು ಓದಿ, ಇವನಿಗೆ ಇಡೀ ದಿನ ಚಂಡೆ ಕೇಳುತ್ತಿರಬೇಕು ಅನ್ನಿಸಿತು.

ಗುಳಿಗೆ ಅಂಗಡಿ (ಹೊನ್ನಾವರ) – ಮಧ್ಯಾಹ್ನ 2:10

ಅಕ್ಕೋರೆ, ಹತ್ತು ದಿನಕ್ಕೆ ನಿರ್ಧಾರ ಮಾಡಬೇಡಿ. ಆ ಔಷಧಿ ನರಕೋಶ ಬಿಟ್ಟ ನಾರ್‌ಅಡ್ರಿನಲಿನ್‌ ಅನ್ನು ಮತ್ತೆ ಒಳಗೆಳೆದುಕೊಳ್ಳದಂತೆ ತಡೆಯುತ್ತದೆ, ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಹಸಿವು ಕಡಿಮೆಯಾಗುವುದು ಗೊತ್ತಿರುವ ಅಡ್ಡಪರಿಣಾಮ. ತೂಕ, ಎತ್ತರ, ನಾಡಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಮಗ ವಿಪರೀತ ಮಂಕಾದರೆ, ಸಾಯುವ ಮಾತಾಡಿದರೆ ಅದೇ ದಿನ ಫೋನ್ ಮಾಡಿ.

ಈಗ ಬೆಟ್ಟದಂಚಿನವರಿಗೆ ಒಂದು ಪ್ರಶ್ನೆ. ಅಪ್ಪಯ್ಯ ಬೇರೆ ಏನೇನು ಗುಳಿಗೆ ತಗೊಳ್ಳುತ್ತಿದ್ದಾರೆ? ಎಲ್ಲ ಹೇಳಿ, ಕಷಾಯ, ಬೇರು, ಪುಡಿ ಸಮೇತ.

ಬೆಟ್ಟದಂಚು – ಸಂಜೆ 6:20

ಲೆವೊಡೋಪಾ-ಕಾರ್ಬಿಡೋಪಾ ದಿನಕ್ಕೆ ಮೂರು. ಪ್ರೊಸ್ಟೇಟಿಗೆ ಟ್ಯಾಮ್ಸುಲೋಸಿನ್ ರಾತ್ರಿ. ಹಳೇ ಬಿಪಿ ಗುಳಿಗೆ ಒಂದು. ಮತ್ತೆ, ಬೈಯಬೇಡಿ, ಪರಿಚಯದವರೊಬ್ಬರು ನಿದ್ದೆಗೆ ಒಳ್ಳೆಯದು ಅಂತ ಸರ್ಪಗಂಧದ ಬೇರಿನ ಪುಡಿ ಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ.

ಗುಳಿಗೆ ಅಂಗಡಿ – ಸಂಜೆ 6:32

ಶುರು ಮಾಡಲೇಬೇಡಿ. ಪೊಟ್ಟಣ ಕಪಾಟಿಂದ ತೆಗೆಯಿರಿ, ಆಮೇಲೆ ಉಳಿದದ್ದು ಓದಿ.

ಸರ್ಪಗಂಧ ಸುಳ್ಳು ಔಷಧಿಯಲ್ಲ, ಅದೇ ಇಲ್ಲಿ ತೊಂದರೆ. ಕಲ್ಕತ್ತೆಯಲ್ಲಿ ಸೇನ್ ಮತ್ತು ಬೋಸ್ 1931ರಲ್ಲೇ ಅದು ಬಿಪಿ ಇಳಿಸುತ್ತದೆ, ಉನ್ಮಾದ ತಣಿಸುತ್ತದೆ ಅಂತ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಗೇ ಗೊತ್ತಾಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಅದು ಮಾಡುವುದೇನು? ನರತುದಿಯಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೊನಿನ್ ತುಂಬಿಡುವ ಸಣ್ಣ ಚೀಲಗಳಿವೆಯಲ್ಲ, ಅವುಗಳಿಗೆ ತುಂಬುವುದನ್ನೇ ನಿಲ್ಲಿಸುತ್ತದೆ. ಉಗ್ರಾಣ ಖಾಲಿ. ಬಿಪಿ ಇಳಿಯಿತು ನಿಜ, ಆದರೆ ಕೆಲವರು ಖಿನ್ನತೆಗೆ ಬಿದ್ದರು, ಕೆಲವರಿಗೆ ಪಾರ್ಕಿನ್ಸನ್ ಬಂದವರ ಹಾಗೆ ಮೈ ಮರಗಟ್ಟಿತು. ಖಿನ್ನತೆಗೂ ನಾರ್‌ಅಡ್ರಿನಲಿನ್ನಿಗೂ ನಂಟಿದೆ ಎನ್ನುವ ವಾದಕ್ಕೆ ಬಲ ಬಂದದ್ದೇ ಇಲ್ಲಿಂದ. 1965ರಲ್ಲಿ ಶಿಲ್ಡ್‌ಕ್ರೌಟ್ ಅದನ್ನು ಸಿದ್ಧಾಂತವಾಗಿ ಮಂಡಿಸಿದರು. ಅಷ್ಟು ಸರಳ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಕತೆ.

ಈಗ ನಮ್ಮ ಕಾಡಿನ ಇನ್ನೊಂದು ಬಳ್ಳಿ, ನಸುಗುನ್ನಿ. ಚಿಕ್ಕಂದಿನಲ್ಲಿ ಅದರ ಕಾಯಿ ತಾಗಿ ಕೆರೆದುಕೊಂಡು ಅತ್ತವರು ಇಲ್ಲಿ ಬಹಳ ಜನ ಇದ್ದೀರಿ. ಅದರ ಬೀಜದಲ್ಲಿ ಎಲ್-ಡೋಪಾ (ಅಪ್ಪಯ್ಯನ ಗುಳಿಗೆಯ ಲೆವೊಡೋಪಾ ಇದೇ) ಇದೆ ಅಂತ 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದರು. ಮಿದುಳಿನ ತಯಾರಿಕೆಯ ಸಾಲು ಹೀಗೆ: ಊಟದಲ್ಲಿ ಸಿಗುವ ಅಮಿನೋ ಆಮ್ಲ ಟೈರೊಸಿನ್‌ನಿಂದ ಎಲ್-ಡೋಪಾ, ಅದರಿಂದ ಡೋಪಮಿನ್, ಡೋಪಮಿನ್ನಿಗೆ ಇನ್ನೊಂದು ಕಿಣ್ವ ಕೈ ಹಚ್ಚಿದರೆ ನಾರ್‌ಅಡ್ರಿನಲಿನ್. ಡೋಪಮಿನ್, ನಾರ್‌ಅಡ್ರಿನಲಿನ್ ದಾಟಲಾಗದ ಆ ರಕ್ತನಾಳದ ಗೋಡೆಯನ್ನು ಎಲ್-ಡೋಪಾ ದಾಟಿ ಮಿದುಳಿಗೆ ಹೋಗಬಲ್ಲದು.

ಈ ಎರಡೂ ಗಿಡದ ಸತ್ವಗಳು ಒಂದೇ ಪ್ರಯೋಗದಲ್ಲಿ ಎದುರಾದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು, ಅವು ಕಿವಿ ಜೋತುಬಿಟ್ಟು ಕಲ್ಲಿನಂತೆ ಕೂತವು. ಎಲ್-ಡೋಪಾ ಚುಚ್ಚಿದರು, ಎದ್ದು ಓಡಾಡಿದವು. ಇವತ್ತು ಅಪ್ಪಯ್ಯ ತಗೊಳ್ಳುವ ಗುಳಿಗೆಯ ಬೇರು ಆ ಮೊಲಗಳಲ್ಲಿದೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಒಂದು ಕೈಯಲ್ಲಿ ಲೆವೊಡೋಪಾ, ಇನ್ನೊಂದು ಕೈಯಲ್ಲಿ ಸರ್ಪಗಂಧ ಕೊಟ್ಟರೆ ಹಗಲು ತುಂಬಿ ರಾತ್ರಿ ಖಾಲಿ ಮಾಡಿದ ಹಾಗೆ. ಹಾಗಂತ ನಸುಗುನ್ನಿ ಬೀಜ ಕುಟ್ಟಿ ಕೊಡಲೂ ಹೋಗಬೇಡಿ. ಅಳತೆ ಸಿಗುವುದಿಲ್ಲ, ಗುಳಿಗೆಯ ಜೊತೆ ಸೇರಿ ಹೆಚ್ಚಾದರೆ ಕೈಕಾಲು ತಾನಾಗಿ ತಿರುಚುತ್ತವೆ.

ಇನ್ನೊಂದು. ಟ್ಯಾಮ್ಸುಲೋಸಿನ್ ಆಲ್ಫಾ-1 ತಡೆಯುವ ಔಷಧಿ. ಪ್ರೊಸ್ಟೇಟಿನ ಹತ್ತಿರ ಹೆಚ್ಚು ಕೆಲಸ ಮಾಡಿದರೂ ಕೆಲವರಲ್ಲಿ ನಿಂತಾಗ ಬಿಪಿ ಬೀಳಿಸುತ್ತದೆ. ಲೆವೊಡೋಪಾ ಕೂಡ ಬಿಪಿ ಇಳಿಸುತ್ತದೆ. ಮೇಲೆ ಹಳೇ ಬಿಪಿ ಗುಳಿಗೆ! ಅಪ್ಪಯ್ಯ ಹತ್ತು ನಿಮಿಷ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ನೋಡಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಅಡಿಕೆ ಸಿಪ್ಪೆ – ಸಂಜೆ 7:05

ಮೊಲದ ಕತೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಸುಗುನ್ನಿಗೆ ಇಷ್ಟು ಮರ್ಯಾದೆ ಇದೆ ಅಂತ ಗೊತ್ತಿರಲಿಲ್ಲ. ನನ್ನ ಬೆನ್ನಿಗೆ ಮಾತ್ರ ಅದರ ಬೇರೆ ಮುಖ ಗೊತ್ತು.

ಗಂಗಾವಳಿ ಆಚೆದಂಡೆ (ಅಂಕೋಲಾ) – ರಾತ್ರಿ 11:50

ಬರೆಯಬೇಕೋ ಬೇಡವೋ ಅಂತ ಎರಡು ದಿನ ನೋಡಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು ನದಿಗೆ ಇಳಿಯಿತಲ್ಲ, ನಾನು ಹೊಳೆಯ ಈಚೆ ಇದ್ದೆ. ನೀರು ಎದ್ದು ಬಂದದ್ದು ಕಂಡವ. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ಈಗ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇನೆ. ಲಾರಿ ಬ್ರೇಕ್ ಹಾಕಿದರೂ ಮೈ ಜುಮ್ಮೆನ್ನುತ್ತದೆ. ಮೊನ್ನೆ ತಿಂದ ಊಟ ನೆನಪಿರುವುದಿಲ್ಲ, ಆ ಬೆಳಗಿನ ಮಣ್ಣಿನ ವಾಸನೆ ಹಾಗೇ ಇದೆ. ಇದೂ ಈ ಚುಕ್ಕೆಯದೇ ಕೆಲಸವಾ?

ಕಾಳಿ ಸೇತುವೆ – ಮಂಗಳವಾರ, ಬೆಳಿಗ್ಗೆ 6:40

ಬರೆದದ್ದು ಒಳ್ಳೆಯದಾಯಿತು. ಹೌದು, ಅದರ ಪಾಲು ದೊಡ್ಡದು. ಭಯದ ಹೊತ್ತಲ್ಲಿ ಉಕ್ಕುವ ನಾರ್‌ಅಡ್ರಿನಲಿನ್ ಅಮಿಗ್ಡಲಾ ಎಂಬ ಭಾಗದ ಮೂಲಕ ‘ಇದನ್ನು ಮರೆಯಬೇಡ’ ಅಂತ ನೆನಪಿಗೆ ಗಟ್ಟಿ ಮುದ್ರೆ ಒತ್ತುತ್ತದೆ. 1994ರಲ್ಲಿ ಕೆಹಿಲ್, ಮೆಕ್‌ಗಾ ಮತ್ತು ಜೊತೆಗಾರರು ಜನರಿಗೆ ಒಂದು ಕತೆ ತೋರಿಸಿದರು, ಅದರ ನಡುವೆ ಅಪಘಾತದ ದೃಶ್ಯ. ಮೊದಲೇ ಪ್ರೊಪ್ರನೊಲಾಲ್ ನುಂಗಿದ್ದವರಿಗೆ ಕತೆಯ ಸಾಮಾನ್ಯ ಭಾಗ ಎಲ್ಲರಷ್ಟೇ ನೆನಪಿತ್ತು, ಎದೆ ನಡುಗಿಸುವ ಭಾಗ ಮಾತ್ರ ಬೇರೆಯವರಿಗಿಂತ ಕಡಿಮೆ ನೆನಪಿತ್ತು. ಆ ಔಷಧಿ ನಾರ್‌ಅಡ್ರಿನಲಿನ್ನಿನ ಬೀಟಾ ಗ್ರಾಹಕಗಳನ್ನು ಮುಚ್ಚುತ್ತದೆ.

ಇದನ್ನು ಓದಿ ಗುಳಿಗೆ ಹುಡುಕಬೇಡಿ. ಆಘಾತ ಕಂಡವರ ದುಃಸ್ವಪ್ನಗಳಿಗೆ ಪ್ರಜೋಸಿನ್ ಎಂಬ ಆಲ್ಫಾ-1 ತಡೆ ಬಹಳ ಭರವಸೆ ಹುಟ್ಟಿಸಿತ್ತು, 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಹುಸಿಗುಳಿಗೆಗಿಂತ ಮೇಲಾಗಲಿಲ್ಲ. ಮಾತಿನ ಚಿಕಿತ್ಸೆಗಳಿಗೆ ಇರುವ ಆಧಾರ ಇದಕ್ಕಿಂತ ಗಟ್ಟಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಹಿಮ್ಮೇಳ – ಬೆಳಿಗ್ಗೆ 7:30

ಆಚೆದಂಡೆ ತಮಾ, ರಾತ್ರಿ ಎಚ್ಚರ ಆದಾಗ ನನಗೆ ಸಂದೇಶ ಹಾಕು. ಆಟದವರು ನಾವು, ಮೂರು ಗಂಟೆಗೆ ಎದ್ದೇ ಇರುತ್ತೇವೆ.

ಅಕ್ಕೋರು – ಬೆಳಿಗ್ಗೆ 8:10

ಮರೆವಿನ ರೋಗಕ್ಕೂ ಇದಕ್ಕೂ ಸಂಬಂಧ ಇದೆಯಾ ಸರ್? ಅತ್ತೆಗೆ 78, ಈಗೀಗ ಒಂದೇ ಮಾತು ಹತ್ತು ಸಲ ಕೇಳುತ್ತಾರೆ.

ಕಾಳಿ ಸೇತುವೆ – ಬೆಳಿಗ್ಗೆ 8:45

ಇದೆ. ಅದೇ ಬ್ರಾಕ್ ತಂಡ 1ರಿಂದ 100 ವರ್ಷದೊಳಗಿನವರ 2,332 ಮಿದುಳುಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿತು. ಅಲ್ಜೈಮರ್‌ನಲ್ಲಿ ಗಂಟುಕಟ್ಟುವ ಟೌ ಎಂಬ ಪ್ರೋಟೀನಿನ ಮೊದಲ ಕುರುಹು ಮೂವತ್ತು ದಾಟದವರ ನೀಲಿ ಚುಕ್ಕೆಯಲ್ಲೇ ಕಂಡಿತು. ಗಾಬರಿ ಬೇಡ, ಕುರುಹು ಇದ್ದವರಿಗೆಲ್ಲ ರೋಗ ಬರುತ್ತದೆ ಅಂತಲ್ಲ. ಆ ವರ್ಣದ್ರವ್ಯವನ್ನು ಬದುಕಿದ್ದವರಲ್ಲೇ ಎಂಆರ್‌ಐನಲ್ಲಿ ನೋಡುವ ವಿಧಾನ 2006ರ ಹೊತ್ತಿಗೆ ಬಂದಿದೆ, ಇನ್ನೂ ಹೆಚ್ಚಾಗಿ ಸಂಶೋಧನೆಯ ಹಂತದ್ದು. ಅತ್ತೆಗೆ ಮೊದಲು ಥೈರಾಯ್ಡ್, ಬಿ12 ಮತ್ತು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದೇ ಹತ್ತು ಸಲ ಕೇಳುವವರೂ ಇದ್ದಾರೆ.

ಬೆಟ್ಟದಂಚು – ಶನಿವಾರ, ರಾತ್ರಿ 8:15

ಎಲ್ಲರಿಗೂ ವರದಿ. ಮಲಗಿದಾಗ 142/84, ಮೂರು ನಿಮಿಷ ನಿಂತ ಮೇಲೆ 108/68. ನೋಡಿ ನಮಗೇ ಹೆದರಿಕೆ ಆಯಿತು. ಡಾಕ್ಟರಿಗೆ ಫೋಟೋ ಕಳಿಸಿದೆವು, ಹಳೇ ಬಿಪಿ ಗುಳಿಗೆ ನಿಲ್ಲಿಸಿದ್ದಾರೆ, ಪ್ರೊಸ್ಟೇಟಿನದನ್ನು ಮೂತ್ರದ ಡಾಕ್ಟರ ಜೊತೆ ಮಾತಾಡಿ ನೋಡುವ ಅಂದರು. ಮಂಚದ ತಲೆ ಕಡೆಗೆ ಕಲ್ಲು ಕೊಟ್ಟು ಎತ್ತರ ಮಾಡಿದ್ದೇವೆ. ಏಳುವ ಮೊದಲು ಕಾಲು ಇಳಿಬಿಟ್ಟು ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ನಿಲ್ಲುವುದು. ಮೂರು ದಿನದಿಂದ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದಿಲ್ಲ. ಸರ್ಪಗಂಧದ ಪೊಟ್ಟಣ ಕೊಟ್ಟವರಿಗೇ ವಾಪಸ್, ಅವರಿಗೆ ಸ್ವಲ್ಪ ಸಿಟ್ಟೂ ಬಂದಿದೆ.

ಮಂಕು ಹಾಗೇ ಇದೆ. ಕನಸೂ ಹಾಗೇ. ನಿದ್ದೆಗೆ ಮೆಲಟೊನಿನ್ ಬರೆದಿದ್ದಾರೆ, ನಾಳೆ ಪೇಟೆಯಿಂದ ತರಬೇಕು. ನಿನ್ನೆ ರಾತ್ರಿ ‘ಹೋಯ್, ಹೋಯ್’ ಅಂತ ಕೂಗಿದ್ದು ಜಗಲಿಗೆ ಕೇಳಿ ಆಯಿ ಅಲ್ಲಿಂದಲೇ ಕೇಳಿದಳು: ‘ಎಷ್ಟು ಮಂಗ ಬೈಂದ್ವು?’

ಅಪ್ಪಯ್ಯ ನಿದ್ದೆಗಣ್ಣಲ್ಲೇ ಲೆಕ್ಕ ಹೇಳಿದರು. ಏಳು.